ಹಳೇ ಎಸ್‌ಯುವಿಯ ಬ್ರೇಕ್ ನಡುಕ, ಮುಂಭಾಗದ ಅದುರಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ಹದಿನೈದು ವರ್ಷ ಓಡಿದ ಎಸ್‌ಯುವಿ ಇಟ್ಟುಕೊಂಡವರು ಮಾತಿಗೆ ಸಿಕ್ಕರೂ ಪತ್ರ ಬರೆದರೂ ಕೇಳುವುದು ಹೆಚ್ಚುಕಡಿಮೆ ಇವನ್ನೇ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

## ಮೊದಲು ಗುರುತು ಹಿಡಿಯಿರಿ

ಗಾಡಿ ನಡುಗುತ್ತೆ, ಅಷ್ಟು ಮಾತ್ರ ಗೊತ್ತು. ಎಲ್ಲಿಂದ ಶುರು ಮಾಡಲಿ?

ನಡುಕ ಯಾವಾಗ ಬರುತ್ತದೆ ಅನ್ನೋದನ್ನು ಬರೆದಿಟ್ಟುಕೊಳ್ಳಿ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್, ಡ್ರಮ್, ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಕಡೆ ಹೋಗಬೇಕು. ಬ್ರೇಕ್ ಮುಟ್ಟದಿದ್ದರೂ ಒಂದು ವೇಗಕ್ಕೆ ಬಂದಾಗ ಶುರುವಾದರೆ ಟೈರು, ರಿಮ್ಮು. ಗುಂಡಿಗೆ ಬಿದ್ದ ಮೇಲೆ ಶುರುವಾದರೆ ಸ್ಟೀರಿಂಗ್ ಜಾಯಿಂಟುಗಳು, ಬುಶ್‌ಗಳು (ಜೋಡಣೆಗಳ ಒಳಗೆ ಕೂರುವ ರಬ್ಬರ್ ತುಂಡುಗಳು). ಆಕ್ಸಿಲರೇಟರ್ ಒತ್ತಿದಾಗ ಬಂದು ಬಿಟ್ಟಾಗ ಹೋದರೆ ಶಾಫ್ಟ್. ನಿಂತಲ್ಲೇ ನಡುಗಿದರೆ ಅದು ಎಂಜಿನ್ ಮೌಂಟಿಂಗ್ ವಿಷಯ, ಇಲ್ಲಿನ ಪ್ರಶ್ನೆಯೇ ಅಲ್ಲ.

ಮೆಕ್ಯಾನಿಕ್ ಹತ್ತಿರ ಸುಮ್ನೆ "ವೈಬ್ರೇಷನ್ ಇದೆ ನೋಡಿ" ಅನ್ನಬೇಡಿ. "80ರಿಂದ ಬ್ರೇಕ್ ಹಿಡಿದರೆ ಸ್ಟೀರಿಂಗ್ ಅದುರುತ್ತದೆ, 40ರ ಕೆಳಗೆ ನಿಲ್ಲುತ್ತದೆ" ಅಂತ ಹೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಸ್ಟೀರಿಂಗ್ ನಡುಗೋದಕ್ಕೂ ಸೀಟು ನಡುಗೋದಕ್ಕೂ ವ್ಯತ್ಯಾಸ ಇದೆಯಾ?

ಇದೆ. ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಅದುರಿದರೆ ತೊಂದರೆ ಹೆಚ್ಚಾಗಿ ಮುಂದಿನ ಚಕ್ರಗಳಲ್ಲಿ. ಸ್ಟೀರಿಂಗ್ ಸುಮ್ಮನಿದ್ದು ಸೀಟು, ನೆಲ ಅದುರಿದರೆ ಹಿಂದೆ ನೋಡಿ. ಹಳೇ ಎಸ್‌ಯುವಿಗಳಲ್ಲಿ ಹಿಂದೆ ಡ್ರಮ್ ಇರುವುದೇ ಜಾಸ್ತಿ. ಡ್ರಮ್ಮಿನ ದುಂಡು ಕೆಟ್ಟರೆ ಬ್ರೇಕ್ ಪೆಡಲ್ ಕಾಲಿನ ಕೆಳಗೆ ಏಳುತ್ತಾ ಇಳಿಯುತ್ತಾ ಇರುತ್ತದೆ.

ಹ್ಯಾಂಡ್‌ಬ್ರೇಕ್ ಆ ಡ್ರಮ್ಮುಗಳ ಮೇಲೇ ಕೆಲಸ ಮಾಡುವ ಗಾಡಿಯಾದರೆ ಒಂದು ಪರೀಕ್ಷೆ ಮಾಡಬಹುದು. ಯಾರೂ ಇಲ್ಲದ ನೇರ, ಒಣ ರಸ್ತೆಯಲ್ಲಿ 30ರ ವೇಗದಲ್ಲಿ, ಲಿವರಿನ ಬಟನ್ ಒತ್ತಿ ಹಿಡಿದುಕೊಂಡೇ ಮೆಲ್ಲಗೆ ಎಳೆಯಿರಿ. ಅದೇ ನಡುಕ ಬಂದರೆ ಹಿಂದಿನ ಡ್ರಮ್ಮೇ ಕಾರಣ. ಆದರೆ ಲ್ಯಾಂಡ್ ರೋವರ್ ಡಿಫೆಂಡರ್ ಥರದ ಹಳೇ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಹಿಂದೆ ಶಾಫ್ಟನ್ನೇ ಹಿಡಿಯುತ್ತದೆ. ಅಂಥದ್ದರಲ್ಲಿ ಈ ಪರೀಕ್ಷೆ ಮಾಡಲೇಬೇಡಿ.

ಹೀಗೇ ಓಡಿಸಿದರೆ ಅಪಾಯನಾ?

ಬ್ರೇಕ್ ಒತ್ತಿದಾಗ ಸಣ್ಣಗೆ ಅದುರುವ ಗಾಡಿಯನ್ನು ನಿಧಾನವಾಗಿ ಗ್ಯಾರೇಜಿಗೆ ಒಯ್ಯಬಹುದು. ಆದರೆ ಪೆಡಲ್ ನೆಲದ ತನಕ ಇಳಿದರೆ, ಒಂದು ಚಕ್ರದಿಂದ ಸುಟ್ಟ ವಾಸನೆ ಅಥವಾ ಹೊಗೆ ಬಂದರೆ, ವೀಲ್ ನಟ್ ತಾನಾಗಿ ಸಡಿಲವಾಗುತ್ತಿದ್ದರೆ, ಬಾಲ್ ಜಾಯಿಂಟ್‌ನಲ್ಲಿ (ಚಕ್ರವನ್ನು ಸಸ್ಪೆನ್ಷನ್ನಿಗೆ ಸೇರಿಸುವ ಕೀಲು) ಆಟ, ಅಂದರೆ ಸಡಿಲ, ಕಣ್ಣಿಗೇ ಕಂಡರೆ ಅಲ್ಲಿಗೆ ನಿಲ್ಲಿಸಿ, ಎಳೆಸಿಕೊಂಡು ಹೋಗಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ. ಆಮೇಲೆ ಸ್ಟೀರಿಂಗ್ ನಿಮ್ಮ ಮಾತು ಕೇಳುವುದಿಲ್ಲ.

## ಬ್ರೇಕ್ ಒತ್ತಿದಾಗ ಬರುವ ನಡುಕ

ಡಿಸ್ಕ್ ಬೆಂಡ್ ಆಗಿದೆ ಅಂತಾರೆ. ಅಷ್ಟು ದಪ್ಪ ಕಬ್ಬಿಣ ನಿಜಕ್ಕೂ ಬೆಂಡ್ ಆಗುತ್ತಾ?

ತೀರಾ ಅಪರೂಪ. ಎಲ್ಲರೂ ಬೆಂಡ್ ಅನ್ನುವುದು ಬಹುತೇಕ ದಪ್ಪದ ಏರುಪೇರನ್ನು. ಡಿಸ್ಕ್ ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪ ಇದ್ದರೆ ಪ್ರತಿ ಸುತ್ತಿಗೂ ಕ್ಯಾಲಿಪರಿನ ಪಿಸ್ಟನ್ ಒಳಗೆ ಹೊರಗೆ ಆಡುತ್ತದೆ. ಆ ಆಟ ಬ್ರೇಕ್ ಆಯಿಲ್ ಮೂಲಕ ಪೆಡಲಿಗೆ, ಜಾಯಿಂಟುಗಳ ಮೂಲಕ ಸ್ಟೀರಿಂಗಿಗೆ ಬರುತ್ತದೆ. 0.015 ಮಿ.ಮೀ. ಆಸುಪಾಸಿನ ಏರುಪೇರಿದ್ದರೂ ಕೈಗೆ ಗೊತ್ತಾಗಬಹುದು. ಕಣ್ಣಿಗೆ ಕಾಣುವಂಥದ್ದಲ್ಲ, ವರ್ನಿಯರಿಗೂ ಸಿಗುವುದಿಲ್ಲ, ಮೈಕ್ರೋಮೀಟರ್ ಬೇಕು. ಡಿಸ್ಕಿನ ಸುತ್ತ ಎಂಟು ಜಾಗದಲ್ಲಿ ಅಳೆದು ನೋಡಬೇಕು.

ಇನ್ನೊಂದು ಕಾರಣ ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಒಂದೇ ಕಡೆ ಅಂಟುವುದು. ಘಾಟಿ ಇಳಿದು ಡಿಸ್ಕ್ ಕಾದಿರುವಾಗ ಗಾಡಿ ನಿಲ್ಲಿಸಿ ಪೆಡಲ್ ಬಿಗಿಯಾಗಿ ಒತ್ತಿ ಹಿಡಿದರೆ ಪ್ಯಾಡಿನ ಅಚ್ಚು ಅಲ್ಲೇ ಕೂರುತ್ತದೆ. ಆ ಜಾಗ ಮತ್ತೆ ಮತ್ತೆ ಬೇರೆ ಕಡೆಗಿಂತ ಜಾಸ್ತಿ ಕಾಯುತ್ತದೆ. ಸುಮಾರು 700 ಡಿಗ್ರಿ ಮುಟ್ಟಿದರೆ ಎರಕದ ಕಬ್ಬಿಣದಲ್ಲಿ ಸಿಮೆಂಟೈಟ್ ಎಂಬ ಗಟ್ಟಿ ಕಲೆಗಳು ಹುಟ್ಟುತ್ತವೆ. ಅವು ಉಳಿದ ಮೈಯಷ್ಟು ಸವೆಯುವುದಿಲ್ಲ, ಹಾಗಾಗಿ ದಿನ ಕಳೆದಂತೆ ಎದ್ದು ನಿಲ್ಲುತ್ತವೆ.

ಹೊಸ ಡಿಸ್ಕ್ ಹಾಕಿಸಿದೆ. ಮೊದಲು ಬೆಣ್ಣೆ ಥರ ಇತ್ತು, ಆರು ತಿಂಗಳಿಗೆ ಮತ್ತೆ ಅದೇ ಕಥೆ. ಡಿಸ್ಕೇ ಕಳಪೆನಾ?

ಈ ಪ್ರಶ್ನೆಯನ್ನೇ ಅತಿ ಹೆಚ್ಚು ಜನ ಕೇಳುವುದು, ದುಡ್ಡು ಹೆಚ್ಚು ಪೋಲಾಗುವುದೂ ಇಲ್ಲೇ. ಡಿಸ್ಕ್ ಕಳಪೆ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ನಡುಕ ಕೆಲವು ತಿಂಗಳು ಬಿಟ್ಟು ವಾಪಸ್ ಬಂದರೆ ಮೊದಲು ಸಂಶಯ ಪಡಬೇಕಾದ್ದು ಡಿಸ್ಕ್ ಕೂತಿರುವ ಹಬ್ ಮೇಲೆ.

ಹಳೇ ಗಾಡಿಯ ಹಬ್ ಮುಖದ ಮೇಲೆ, ಅದರಲ್ಲೂ ವೀಲ್ ಸ್ಟಡ್‌ಗಳ ಬುಡದಲ್ಲಿ, ತುಕ್ಕು ಕೂತಿರುತ್ತದೆ. ಅದರ ಮೇಲೆ ಹೊಸ ಡಿಸ್ಕ್ ಕೂರಿಸಿದರೆ ಡಿಸ್ಕ್ ಒಂದು ಕೂದಲೆಳೆಯಷ್ಟು ವಾಲುತ್ತದೆ. ಹಬ್ ಹತ್ತಿರ 0.03 ಮಿ.ಮೀ. ಇದ್ದ ವಾಲು ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಇದಕ್ಕೆ ರನ್‌ಔಟ್ ಅಂತಾರೆ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಡಿಸ್ಕಿನ ದಪ್ಪ ಎಲ್ಲ ಕಡೆ ಒಂದೇ ಇರುತ್ತದೆ, ಕ್ಯಾಲಿಪರ್ ಅದರ ಜೊತೆ ಜಾರಿಕೊಂಡು ಹೊಂದಿಕೊಳ್ಳುತ್ತದೆ. ಆದರೆ ಬ್ರೇಕ್ ಬಿಟ್ಟು ಓಡುವಾಗ, ಪ್ರತಿ ಸುತ್ತಿನಲ್ಲೂ ವಾಲಿದ ಆ ಒಂದು ಜಾಗ ಪ್ಯಾಡಿಗೆ ತಾಗುತ್ತದೆ. ತಾಗಿ ತಾಗಿ ಅಲ್ಲಿ ಮಾತ್ರ ಸವೆಯುತ್ತದೆ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ದಪ್ಪದ ಏರುಪೇರು ತಯಾರು. ಆರು ತಿಂಗಳ ಲೆಕ್ಕ ಬರುವುದು ಹೀಗೆ. ಮತ್ತೆ ಹೊಸ ಡಿಸ್ಕ್ ಹಾಕಿದರೆ ಮತ್ತೆ ಅಷ್ಟೇ ದಿನ.

ಸರಿಯಾದ ದಾರಿ ಇದು. ಡಿಸ್ಕ್ ಬಿಚ್ಚಿ, ಹಬ್ ಮುಖವನ್ನು ತಂತಿ ಬ್ರಷ್, ಎಮರಿ ಹಾಕಿ ಲೋಹ ಹೊಳೆಯುವ ತನಕ ಉಜ್ಜಿ. ಪ್ರತಿ ಸ್ಟಡ್ಡಿನ ಸುತ್ತಲೂ ಉಜ್ಜಬೇಕು, ಬೆರಳಾಡಿಸಿದರೆ ಎಲ್ಲೂ ತಡೆಯಬಾರದು. ಡಿಸ್ಕ್ ಕೂರಿಸಿ, ವಾಷರ್ ಕೊಟ್ಟು ಎಲ್ಲ ನಟ್ಟುಗಳನ್ನೂ ಸಮನಾಗಿ ಬಿಗಿಯಿರಿ. ಡಯಲ್ ಗೇಜ್ (ಮುಳ್ಳಿನಲ್ಲಿ ಸೂಕ್ಷ್ಮ ಅಳತೆ ತೋರಿಸುವ ಉಪಕರಣ) ಅನ್ನು ಅಲುಗಾಡದಂತೆ ಸ್ಟೀರಿಂಗ್ ನಕಲ್‌ಗೆ (ಹಬ್ ಕೂತಿರುವ ಭಾಗ) ಕಟ್ಟಿ, ಅದರ ಮೊನೆಯನ್ನು ಡಿಸ್ಕಿನ ಅಂಚಿನಿಂದ 10 ಮಿ.ಮೀ. ಒಳಗೆ ಇಟ್ಟು, ಡಿಸ್ಕನ್ನು ಕೈಯಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಮುಳ್ಳು 0.05 ಮಿ.ಮೀ. ಒಳಗೇ ಆಡಿದರೆ ಒಳ್ಳೆಯದು. ಕೆಲವು ಗಾಡಿಗಳ ಕೈಪಿಡಿ 0.10ರ ತನಕ ಬಿಡುತ್ತದೆ. ನಾನಂತೂ 0.05ಕ್ಕೇ ಅಂಟಿಕೊಳ್ಳಿ ಅನ್ನುತ್ತೇನೆ. ಜಾಸ್ತಿ ಬಂದರೆ ಡಿಸ್ಕನ್ನು ಒಂದು ಸ್ಟಡ್ ಆಚೆ ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ಹಬ್ಬಿನ ವಾಲು ಡಿಸ್ಕಿನ ವಾಲು ಒಂದಕ್ಕೊಂದು ಕಳೆಯುವ ಜಾಗ ಒಂದು ಸಿಗಬಹುದು. ಎಲ್ಲೂ ಸಿಗದಿದ್ದರೆ ಡಿಸ್ಕ್ ತೆಗೆದು ಬರೀ ಹಬ್ ಅಳೆಯಿರಿ. ಹಬ್ಬೇ ವಾಲಿದ್ದರೆ ಹಬ್ ಅಥವಾ ಬೇರಿಂಗ್ ಬದಲಿಸದೆ ಡಿಸ್ಕ್ ಮುಟ್ಟಬೇಡಿ.

ಕೆಲವು ಹಳೇ ಎಸ್‌ಯುವಿಗಳಲ್ಲಿ ಡಿಸ್ಕ್ ಹಬ್ಬಿನ ಹಿಂಬದಿಗೆ ಬೋಲ್ಟ್ ಆಗಿರುತ್ತದೆ. ಅಲ್ಲಿ ವೀಲ್ ಬೇರಿಂಗಿನ ಬಿಗಿ ಸರಿ ಮಾಡಿದ ಮೇಲೆ ಮಾತ್ರ ಈ ಅಳತೆಗೆ ಅರ್ಥ. ಡಯಲ್ ಗೇಜ್ ಇಲ್ಲದ ಕಡೆ ಎರಡನೇ ಸಲ ಡಿಸ್ಕ್ ಹಾಕಿಸಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ.

ವೀಲ್ ನಟ್ ಬಿಗಿ ಮಾಡೋದಕ್ಕೂ ಬ್ರೇಕ್ ನಡುಕಕ್ಕೂ ಏನು ಸಂಬಂಧ?

ಬಹಳ ಗಾಡಿಗಳಲ್ಲಿ ಡಿಸ್ಕನ್ನು ಹಬ್ಬಿಗೆ ಒತ್ತಿ ಹಿಡಿಯುವುದು ವೀಲ್ ನಟ್ಟುಗಳೇ. ಪಂಕ್ಚರ್ ಹಾಕಿಸಿದಾಗ ಗಾಳಿಯ ಗನ್ನಿನಲ್ಲಿ ಒಂದು ನಟ್ ಅತಿಯಾಗಿ, ಇನ್ನೊಂದು ಹಗುರವಾಗಿ ಬಿಗಿದರೆ ಡಿಸ್ಕ್ ಆ ಕಡೆ ಎಳೆದುಕೊಳ್ಳುತ್ತದೆ. ಮತ್ತೆ ಅದೇ ರನ್‌ಔಟ್. ಪಂಕ್ಚರ್ ಹಾಕಿಸಿ ಕೆಲವು ವಾರದ ನಂತರ ಬ್ರೇಕ್ ನಡುಗಲು ಶುರುವಾದರೆ ಇದು ನೆನಪಿರಲಿ. ಕೈಯಲ್ಲಿ ಎಲ್ಲವನ್ನೂ ಕೂರಿಸಿ, ಒಂದರ ಎದುರಿಗೆ ಒಂದು ಬರುವಂತೆ, ಟಾರ್ಕ್ ರೆಂಚ್‌ನಲ್ಲಿ ಎರಡು ಮೂರು ಹಂತವಾಗಿ ಬಿಗಿಯಿರಿ. ಎಸ್‌ಯುವಿಗಳಲ್ಲಿ ಸಾಮಾನ್ಯವಾಗಿ 100ರಿಂದ 150 ನ್ಯೂಟನ್ ಮೀಟರ್ ನಡುವೆ ಇರುತ್ತದೆ, ನಿಮ್ಮ ಗಾಡಿಯ ಸಂಖ್ಯೆ ಕೈಪಿಡಿಯಲ್ಲೇ ಇದೆ. 50–100 ಕಿ.ಮೀ. ಓಡಿಸಿ ಇನ್ನೊಮ್ಮೆ ನೋಡಿ.

ಡಿಸ್ಕ್ ಲೇತ್‌ಗೆ ಹಾಕಿಸಿದರೆ ಸಾಕಾ, ಹೊಸದೇ ಬೇಕಾ?

ಡಿಸ್ಕಿನ ಮೇಲೇ ಕನಿಷ್ಠ ದಪ್ಪ ಅಚ್ಚಾಗಿರುತ್ತದೆ. ಲೇತ್ ಆದ ಮೇಲೂ ಅದಕ್ಕಿಂತ ಜಾಸ್ತಿ ಉಳಿಯುವ ಹಾಗಿದ್ದರೆ ಹಾಕಿಸಬಹುದು. ಇಲ್ಲದಿದ್ದರೆ ಬೇಡ. ತೆಳು ಡಿಸ್ಕ್ ಬೇಗ ಕಾಯುತ್ತದೆ. ಗಟ್ಟಿ ಕಲೆಗಳು ಎದ್ದಿದ್ದರೂ ಹೊಸದೇ ಸರಿ, ಏಕೆಂದರೆ ಅವು ಮೇಲ್ಮೈ ಕೆಳಗೂ ಇಳಿದಿರುತ್ತವೆ, ಕೆರೆದು ಸಮ ಮಾಡಿದರೂ ಸ್ವಲ್ಪ ದಿನಕ್ಕೆ ಮತ್ತೆ ಏಳುತ್ತವೆ. ಡಿಸ್ಕನ್ನು ಗಾಡಿಯ ಮೇಲೇ ಇಟ್ಟು ಕೆರೆಯುವ ಯಂತ್ರವೂ ಇದೆ. ಅದು ಹಬ್ಬಿನ ವಾಲನ್ನೂ ಸೇರಿಸಿ ಸರಿಮಾಡುತ್ತದೆ. ಸಿಕ್ಕರೆ ಅದೇ ಒಳ್ಳೆಯದು.

ಕ್ಯಾಲಿಪರ್ ಜಾಮ್ ಆಗಿದೆಯಾ ಅಂತ ಹೇಗೆ ತಿಳಿಯೋದು?

ಬ್ರೇಕ್ ಜಾಸ್ತಿ ಬಳಸದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಎರಡೂ ಮುಂದಿನ ಚಕ್ರಗಳ ಬಿಸಿ ಹೋಲಿಸಿ. ದೂರದಿಂದ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಡಿಸ್ಕಿಗೆ ಕೈ ಇಡಬೇಡಿ, ಸುಡುತ್ತದೆ. ಒಂದು ಕಡೆ ಎದ್ದು ಕಾಣುವಷ್ಟು ಜಾಸ್ತಿ ಬಿಸಿ ಇದ್ದರೆ ಅಲ್ಲಿ ಪ್ಯಾಡ್ ಬಿಡುತ್ತಿಲ್ಲ. ಆಮೇಲೆ ಪ್ಯಾಡ್ ಬಿಚ್ಚಿ ನೋಡಿ. ಒಳಗಿನ ಪ್ಯಾಡ್ ಸವೆದು ಹೊರಗಿನದು ದಪ್ಪ ಉಳಿದಿದ್ದರೆ ಕ್ಯಾಲಿಪರ್ ಜಾರುವ ಪಿನ್ನುಗಳು ಒಣಗಿವೆ ಅಥವಾ ತುಕ್ಕು ಹಿಡಿದಿವೆ. ಪಿನ್ ತೆಗೆದು ಒರೆಸಿ, ಬ್ರೇಕಿಗೇ ಮಾಡಿದ ಸಿಲಿಕೋನ್ ಗ್ರೀಸ್ ಹಚ್ಚಿ, ಹರಿದ ರಬ್ಬರ್ ಬೂಟ್ ಬದಲಿಸಿ. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಮತ್ತೆ ಜಾಮ್ ಆಗುತ್ತದೆ.

ಪಿನ್ನೂ ಪಿಸ್ಟನ್ನೂ ಸರಿಯಿದ್ದು ಚಕ್ರ ಹಿಡಿದೇ ಇದ್ದರೆ ಬ್ರೇಕ್ ಹೋಸ್ ನೋಡಿ. ಹಳೇ ಹೋಸ್ ಹೊರಗೆ ಚೆನ್ನಾಗೇ ಕಾಣುತ್ತದೆ, ಒಳಗೆ ಊದಿಕೊಂಡಿರುತ್ತದೆ. ಪೆಡಲಿನ ಒತ್ತಡಕ್ಕೆ ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಹಿಡಿದ ಸ್ಥಿತಿಯಲ್ಲೇ ಬ್ಲೀಡ್ ನಿಪ್ಪಲ್ (ಆಯಿಲನ್ನೂ ಗಾಳಿಯನ್ನೂ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿದಾಗ ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು ಅಂತ ಅರ್ಥ. ಹೋಸ್ ಎರಡೂ ಕಡೆ ಒಟ್ಟಿಗೆ ಬದಲಿಸಿ.

ಹೊಸ ಪ್ಯಾಡ್ ಹಾಕಿದ ಮೇಲೆ ವಿಶೇಷವಾಗಿ ಏನಾದರೂ ಮಾಡಬೇಕಾ?

ಮಾಡಬೇಕು, ಬಹಳ ಜನ ಬಿಡುವುದೇ ಇದನ್ನು. ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಮಧ್ಯಮ ಒತ್ತಡದಲ್ಲಿ ಎಂಟು ಹತ್ತು ಸಲ ಇಳಿಸಿ. ಪ್ರತಿ ಸಲದ ನಡುವೆ ಸ್ವಲ್ಪ ಓಡಿಸಿ ತಣಿಯಲು ಬಿಡಿ. ಕೊನೆಗೆ ಬ್ರೇಕ್ ಹೆಚ್ಚು ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ. ಪ್ಯಾಡಿನ ತೆಳು ಪದರ ಡಿಸ್ಕಿನ ಸುತ್ತ ಸಮನಾಗಿ ಹರಡಲಿ ಅಂತ ಇದು. ಪ್ಯಾಡ್ ತಯಾರಕರು ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಮಾಡಿ.

ಬ್ರೇಕ್ ಆಯಿಲ್ ಬದಲಿಸಿದರೆ ನಡುಕ ಹೋಗುತ್ತಾ?

ಹೋಗುವುದಿಲ್ಲ. ಆದರೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ, ತೇವ ಹೀರಿದ ಮೇಲೆ ಆ ಮಿತಿ 155. ಡಾಟ್ 3 ಆದರೆ 205 ಮತ್ತು 140. ಭಾರದ ಗಾಡಿ ಉದ್ದನೆಯ ಇಳಿಜಾರಿನಲ್ಲಿ ಇಳಿಯುವಾಗ ಆಯಿಲ್ ಕುದ್ದರೆ ಪೆಡಲ್ ಮೆತ್ತಗಾಗಿ ಬ್ರೇಕೇ ಸಿಗುವುದಿಲ್ಲ. ಡಾಟ್ 5 ಸಿಲಿಕೋನ್ ಆಯಿಲ್, ಇವುಗಳ ಜೊತೆ ಬೆರೆಸಬಾರದು.

ನಿಧಾನಕ್ಕೆ ನಿಲ್ಲಿಸುವಾಗ ಕೊನೇ ಕ್ಷಣದಲ್ಲಿ ಪೆಡಲ್ ಗರಗರ ಅಂತ ಕಾಲಿಗೆ ಹೊಡೆಯುತ್ತೆ. ಇದೂ ಡಿಸ್ಕೇನಾ?

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಾದರೆ ಅಲ್ಲದಿರುವ ಸಾಧ್ಯತೆ ಜಾಸ್ತಿ. ಡಿಸ್ಕಿನ ನಡುಕ ಚಕ್ರದ ಸುತ್ತಿಗೆ ತಕ್ಕಂತೆ ನಿಧಾನವಾಗುತ್ತಾ ಬರುತ್ತದೆ. ಎಬಿಎಸ್ ಹೊಡೆತ ವೇಗವಾಗಿ ಒಂದೇ ಸಮ ಇರುತ್ತದೆ, ಜೊತೆಗೆ ಪಂಪಿನ ಸದ್ದೂ ಕೇಳುತ್ತದೆ. ಚಕ್ರದ ವೇಗ ಓದುವ ಸೆನ್ಸರ್ ಮೇಲೆ ಕಬ್ಬಿಣದ ಪುಡಿ ಅಂಟಿದ್ದರೆ, ಹಲ್ಲಿನ ರಿಂಗ್ ತುಕ್ಕು ಹಿಡಿದು ಬಿರುಕು ಬಿಟ್ಟಿದ್ದರೆ, ನಿಧಾನ ವೇಗದಲ್ಲಿ ಸಿಗ್ನಲ್ ತಪ್ಪಿ "ಚಕ್ರ ಜಾರಿತು" ಅಂತ ಯೂನಿಟ್ ತಪ್ಪಾಗಿ ತಿಳಿಯುತ್ತದೆ. ಒಣ ರಸ್ತೆಯಲ್ಲೂ ಬ್ರೇಕ್ ಬಿಟ್ಟು ಹಿಡಿದು ಮಾಡುತ್ತದೆ. ಸೆನ್ಸರ್ ಒರೆಸಿ, ರಿಂಗನ್ನು ಪೂರ್ತಿ ಸುತ್ತಿಸಿ ನೋಡಿ.

## ಬ್ರೇಕ್ ಒತ್ತದಿದ್ದರೂ ಬರುವ ನಡುಕ

90ರಲ್ಲಿ ನಡುಗುತ್ತೆ, 110 ದಾಟಿದರೆ ಸುಮ್ಮನಾಗುತ್ತೆ. ತಾನಾಗೇ ಸರಿಹೋಗುತ್ತಾ?

ಇಲ್ಲ. ಎಸ್‌ಯುವಿಯ ಟೈರಿನ ಸುತ್ತಳತೆ ಸುಮಾರು 2.2 ಮೀಟರ್. 100ರ ವೇಗದಲ್ಲಿ ಅದು ಸೆಕೆಂಡಿಗೆ 12–13 ಸುತ್ತು ತಿರುಗುತ್ತದೆ. ಸ್ಪ್ರಿಂಗಿನ ಕೆಳಗಿರುವ ಚಕ್ರ, ಹಬ್, ಆಕ್ಸಲ್ ತಾವಾಗಿ ಅದುರುವ ವೇಗವೂ ಅದೇ ಆಸುಪಾಸು. ಎರಡೂ ಕೂಡಿದಾಗ ನಡುಕ ಎದ್ದು ಕಾಣುತ್ತದೆ, ವೇಗ ದಾಟಿದರೆ ಅಡಗುತ್ತದೆ. ಕಾರಣ ಅಲ್ಲೇ ಇದ್ದು ಬೇರಿಂಗನ್ನೂ ಜಾಯಿಂಟನ್ನೂ ತಿನ್ನುತ್ತಲೇ ಇರುತ್ತದೆ. ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ.

ಬ್ಯಾಲೆನ್ಸಿಂಗ್ ಮತ್ತೆ ಮತ್ತೆ ಮಾಡಿಸಿದೆ, ಏನೂ ಬದಲಾಗಿಲ್ಲ.

ಬ್ಯಾಲೆನ್ಸಿಂಗ್ ಯಂತ್ರ ತೂಕ ನೋಡುತ್ತದೆ, ದುಂಡು ನೋಡುವುದಿಲ್ಲ. ಚಕ್ರ ಎತ್ತಿ, ಪಕ್ಕದಲ್ಲಿ ಅಲುಗಾಡದ ಒಂದು ಕಡ್ಡಿಯನ್ನು ಟೈರಿಗೆ ತಾಗಿಯೂ ತಾಗದ ಹಾಗೆ ಇಟ್ಟು ನಿಧಾನ ತಿರುಗಿಸಿ. ಟೈರು ಮೇಲೆ ಕೆಳಗೆ ಕುಣಿಯುತ್ತಿದೆಯೇ, ರಿಮ್ ಅಂಚು ಪಕ್ಕಕ್ಕೆ ಹೊಯ್ದಾಡುತ್ತಿದೆಯೇ ಅಂತ ಕಾಣುತ್ತದೆ. ಟೈರಿನ ಮೈಯಲ್ಲಿ ಒಂದು ಕಡೆ ಗುಳ್ಳೆ ಎದ್ದಿದ್ದರೆ ಒಳಗಿನ ಬೆಲ್ಟ್ ಬಿಟ್ಟಿದೆ. ಆ ಟೈರನ್ನು ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳಬೇಡಿ.

ರಿಮ್ ಒಳಗೆ ಕೆಸರು ಒಣಗಿ ಕೂತಿದ್ದರೂ ತೂಕ ತಪ್ಪುತ್ತದೆ. ಹೊರಗಿನ ಅಲಾಯ್ ಹಾಕಿಸಿದ್ದರೆ ಅದರ ನಡುತೂತು ಹಬ್ಬಿಗೆ ಸರಿಯಾಗಿ ಕೂರುತ್ತದೆಯೇ ನೋಡಿ, ಜಾಗ ಉಳಿದಿದ್ದರೆ ಸೆಂಟರಿಂಗ್ ರಿಂಗ್ ಬೇಕಾಗಬಹುದು. ಟೈರಿನ ವಯಸ್ಸನ್ನೂ ಓದಿ. ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ 3219 ಅಂದರೆ 2019ರ 32ನೇ ವಾರ ತಯಾರಾದದ್ದು.

ಅಲೈನ್‌ಮೆಂಟ್ ಮಾಡಿಸಿದರೆ ಹೋಗುತ್ತಾ?

ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರು ಒಂದೇ ಬದಿ ಸವೆಯುತ್ತದೆ. ನಡುಕಕ್ಕೆ ಅದು ನೇರ ಕಾರಣ ಆಗುವುದು ಕಡಿಮೆ. ಜಾಯಿಂಟುಗಳಲ್ಲಿ ಆಟ ಇರುವಾಗ ಮಾಡಿಸಿದ ಅಲೈನ್‌ಮೆಂಟ್ ನಿಲ್ಲುವುದೂ ಇಲ್ಲ.

ಬೇರಿಂಗ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಯಾವುದು ಹೋಗಿದೆ ಅಂತ ನಾವೇ ನೋಡಬಹುದಾ?

ನೋಡಬಹುದು. ಸಮತಟ್ಟು ಜಾಗ, ಹಿಂದಿನ ಚಕ್ರಕ್ಕೆ ಕಲ್ಲು, ಚಾಸಿ ಕೆಳಗೆ ಸ್ಟ್ಯಾಂಡ್. ಬರೀ ಜ್ಯಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಸಿಕ್ಕರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಆಗ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಸ್ಪ್ರಿಂಗ್ ಲೋಯರ್ ಆರ್ಮ್ (ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು) ಮೇಲೆ ಕೂತಿರುವ ಗಾಡಿಯಲ್ಲಿ ಜ್ಯಾಕನ್ನು ಆರ್ಮ್ ಕೆಳಗೇ ಕೊಡಬೇಕು. ಇಲ್ಲದಿದ್ದರೆ ಸ್ಪ್ರಿಂಗ್ ಒತ್ತಡದಲ್ಲಿ ಆಟ ಅಡಗಿರುತ್ತದೆ.

ಟೈ ರಾಡ್ (ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ರಾಡು) ನೋಡುವಾಗ ಚಕ್ರ ನೆಲದ ಮೇಲೇ ಇರಲಿ. ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಆಡಿಸಲಿ, ನೀವು ಪ್ರತಿ ಜಾಯಿಂಟಿನ ಮೇಲೆ ಬೆರಳಿಟ್ಟು ನೋಡಿ. ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ "ಟಕ್" ಸಿಗುತ್ತದೆ. ಸ್ಟೀರಿಂಗ್ ಬಾಕ್ಸ್ ಇರುವ ಗಾಡಿಗಳಲ್ಲಿ ಐಡ್ಲರ್ ಆರ್ಮ್ (ಬಾಕ್ಸಿನ ಎದುರು ಬದಿಯಲ್ಲಿ ಸ್ಟೀರಿಂಗ್ ರಾಡುಗಳಿಗೆ ಆಸರೆ ಕೊಡುವ ತೋಳು) ಮರೆಯಬೇಡಿ. ಅಲ್ಲಿನ ಸವೆತ ಜನ ಗಮನಿಸುವುದೇ ಇಲ್ಲ.

## ಇನ್ನೂ ಆಳದ ಪ್ರಶ್ನೆಗಳು

ಗುಂಡಿಗೆ ಬಿದ್ದ ತಕ್ಷಣ ಇಡೀ ಮುಂಭಾಗ ಹುಚ್ಚು ಹಿಡಿದ ಹಾಗೆ ಕುಣಿಯುತ್ತೆ, ನಿಲ್ಲಿಸೋ ತನಕ ನಿಲ್ಲಲ್ಲ. ಏನಿದು?

ಮುಂದೆ ಒಂದೇ ಗಟ್ಟಿ ಆಕ್ಸಲ್ ಇರುವ ಜಿಮ್ನಿ, ಲ್ಯಾಂಡ್ ಕ್ರೂಸರ್ 80, ಹಳೇ ಜೀಪ್‌ಗಳಲ್ಲಿ ಇದು ಹೆಸರುವಾಸಿ ಕಾಯಿಲೆ, ಡೆತ್ ವಾಬಲ್ ಅಂತಾರೆ. ಬಂದಾಗ ಸ್ಟೀರಿಂಗ್ ಜೊತೆ ಗುದ್ದಾಡಬೇಡಿ, ಜೋರಾಗಿ ಬ್ರೇಕೂ ಹಾಕಬೇಡಿ. ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ಭದ್ರವಾಗಿ ಹಿಡಿದು ವೇಗ ಇಳಿಯಲು ಬಿಡಿ.

ಕಾರಣ ಹುಡುಕುವಾಗ ಪ್ಯಾನ್‌ಹಾರ್ಡ್ ರಾಡಿನಿಂದ ಶುರು ಮಾಡಿ. ಆಕ್ಸಲನ್ನು ಅಡ್ಡಡ್ಡ ಹಿಡಿದಿಡುವುದು ಅದೇ. ಅದರ ಬುಶ್ ಸವೆದಿರಬಹುದು, ಇಲ್ಲವೇ ಬೋಲ್ಟ್ ಸಡಿಲವಾಗಿ ಬ್ರಾಕೆಟ್ಟಿನ ತೂತು ಉದ್ದವಾಗಿರಬಹುದು. ಬೆರಳಿಟ್ಟು ಸ್ಟೀರಿಂಗ್ ಆಡಿಸಿದರೆ ತಿಳಿಯುತ್ತದೆ. ಆಮೇಲೆ ಆರ್ಮ್ ಬುಶ್, ಟೈ ರಾಡ್ ಎಂಡ್, ಬಾಲ್ ಜಾಯಿಂಟ್. ಜಿಮ್ನಿ, ಲ್ಯಾಂಡ್ ಕ್ರೂಸರ್ ಥರದ್ದರಲ್ಲಿ ಕಿಂಗ್‌ಪಿನ್ ಬೇರಿಂಗ್ (ಸ್ಟೀರಿಂಗ್ ನಕಲ್ ಎಡಕ್ಕೂ ಬಲಕ್ಕೂ ತಿರುಗುವುದು ಇದರ ಮೇಲೆ). ಟೈರಿನ ಗಾಳಿ, ಬ್ಯಾಲೆನ್ಸ್ ಕೂಡ ಕಿಡಿ ಹಚ್ಚುತ್ತವೆ, ಆದರೆ ಕುಣಿತ ಮುಂದುವರಿಯಲು ಎಲ್ಲೋ ಆಟ ಇರಲೇಬೇಕು.

ಸ್ಟೀರಿಂಗ್ ಡ್ಯಾಂಪರ್ ಬದಲಿಸಿದೆ, ನಿಂತುಹೋಯಿತು. ಮುಗೀತು ಅಲ್ವಾ?

ಮುಗಿದಿಲ್ಲ. ಡ್ಯಾಂಪರ್ ನಡುಕವನ್ನು ಹೀರುತ್ತದೆ, ಸವೆದ ಬುಶ್ಶನ್ನು ಸರಿಮಾಡುವುದಿಲ್ಲ. ಬುಶ್ ಇನ್ನಷ್ಟು ಸವೆದ ದಿನ ಹೊಸ ಡ್ಯಾಂಪರಿಗೂ ತಡೆಯಲಾಗದೆ ಮೊದಲಿಗಿಂತ ಜೋರಾಗಿ ಬರುತ್ತದೆ. ಜಾಯಿಂಟುಗಳನ್ನು ಈಗಲೇ ನೋಡಿಸಿ.

ದೊಡ್ಡ ಟೈರ್, ಲಿಫ್ಟ್ ಕಿಟ್ ಹಾಕಿಸಿದ ಮೇಲೆ ಶುರುವಾಯಿತು. ತೆಗೆಯಲೇಬೇಕಾ?

ತೆಗೆಯಲೇಬೇಕು ಅಂತಿಲ್ಲ, ಆದರೆ ಪೂರ್ತಿ ಮಾಡಬೇಕು. ಎತ್ತರ ಏರಿಸಿದಾಗ ಕ್ಯಾಸ್ಟರ್ ಕೋನ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ಹಿಂದಿನ ಓರೆ) ಕಡಿಮೆಯಾಗಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಗಾಡಿ ಅಲೆದಾಡುತ್ತದೆ. ಪ್ಯಾನ್‌ಹಾರ್ಡ್ ರಾಡ್ ಓರೆಯಾಗಿ ಆಕ್ಸಲ್ ಒಂದು ಬದಿಗೆ ಸರಿಯುತ್ತದೆ. ಕ್ಯಾಸ್ಟರ್ ಸರಿಮಾಡುವ ಬುಶ್, ಉದ್ದ ಹೊಂದಿಸುವ ರಾಡ್ ಹಾಕಿಸದೆ ಬಿಟ್ಟ ಕೆಲಸ ಅರ್ಧ ಕೆಲಸ. ಭಾರದ ಟೈರು ಬ್ರೇಕಿಗೂ ಹೊರೆ, ಡಿಸ್ಕ್ ಮೊದಲಿಗಿಂತ ಜಾಸ್ತಿ ಕಾಯುತ್ತದೆ.

ಕೆಟ್ಟ ರಸ್ತೆ ದಾಟಿ ಬಂದ ಮೇಲೆ ಮೊದಲ ಸಲ ಪೆಡಲ್ ಆಳಕ್ಕೆ ಹೋಗುತ್ತೆ, ಎರಡನೇ ಸಲ ಸರಿಯಿರುತ್ತೆ.

ಬೇರಿಂಗಿನಲ್ಲಿ ಆಟ ಇದ್ದರೆ ಡಿಸ್ಕ್ ಅಲುಗಾಡಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ. ಮೊದಲ ಒತ್ತು ಆ ಜಾಗ ತುಂಬಲು ಹೋಗುತ್ತದೆ. ಬ್ಲೀಡಿಂಗ್ (ಆಯಿಲಿನೊಳಗಿನ ಗಾಳಿ ತೆಗೆಸುವುದು) ಮಾಡಿಸಿದರೆ ಇದು ಹೋಗುವುದಿಲ್ಲ. ಹಳೇ ಗಾಡಿಗಳ ಟೇಪರ್ ಬೇರಿಂಗನ್ನು ಬಿಗಿ ಹೊಂದಿಸಿ ಸರಿಮಾಡಬಹುದು, ಆದರೆ ಮೊದಲು ಬಿಚ್ಚಿ ರೋಲರುಗಳ ಮೇಲೆ ನೀಲಿ ಕಲೆ, ಗುಳಿ ಇದೆಯೇ ನೋಡಿ. ಇದ್ದರೆ ಹೊಸದು ಹಾಕಿ.

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಗುತ್ತೆ.

ಮುಂದಿನ ಡ್ರೈವ್ ಶಾಫ್ಟಿನ ಒಳಗಿನ ಸಿವಿ ಜಾಯಿಂಟ್, ಇಲ್ಲವೇ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಯೂನಿವರ್ಸಲ್ ಜಾಯಿಂಟ್). ಗೇರ್ ಹಾಕುವಾಗ ಕೆಳಗಿಂದ "ಠಣ್" ಅಂದರೆ ಕ್ರಾಸ್ ಮೇಲೆ ಸಂಶಯ. ಶಾಫ್ಟ್ ಬಿಚ್ಚಿ ಹಾಕುವಾಗ ಗುರುತು ಮಾಡದೆ ಜೋಡಿಸಿದರೆ ಎರಡು ತುದಿಯ ಯೋಕ್‌ಗಳು (ಕ್ರಾಸ್ ಹಿಡಿದಿರುವ ಕವಲುಗಳು) ಹೊಂದದೆ ಹೊಸ ನಡುಕ ಹುಟ್ಟುತ್ತದೆ. ಬಿಚ್ಚುವ ಮೊದಲೇ ಬಣ್ಣದಲ್ಲಿ ಗೆರೆ ಎಳೆದಿಡಿ.

ಡಿಸ್ಕ್, ಪ್ಯಾಡ್, ಟೈರ್ ಎಲ್ಲ ಬದಲಿಸಿಯೂ ಸ್ವಲ್ಪ ನಡುಕ ಉಳಿದಿದೆ. ಇನ್ನೇನು ಉಳಿಯಿತು?

ಒಂದೇ ಕಾರಣ ಹುಡುಕುವುದನ್ನು ಬಿಡಿ. ಹಳೇ ಗಾಡಿಯಲ್ಲಿ ಎರಡು ಮೂರು ಸಣ್ಣ ತೊಂದರೆ ಸೇರಿಕೊಂಡಿರುತ್ತವೆ. ಡಿಸ್ಕಿನಲ್ಲಿ ಮಿತಿಯೊಳಗಿನ ರನ್‌ಔಟ್ ಇರುತ್ತದೆ, ಬಿಗಿಯಾದ ಬುಶ್ ಇದ್ದಿದ್ದರೆ ಕೈಗೇ ಬರುತ್ತಿರಲಿಲ್ಲ. ಲೋಯರ್ ಆರ್ಮಿನ ಬುಶ್ ರಬ್ಬರ್ ಹರಿದಿದ್ದರೆ ಬ್ರೇಕ್ ಹಿಡಿದಾಗ ಆರ್ಮ್ ಹಿಂದಕ್ಕೆ ಜಗ್ಗುತ್ತದೆ, ಅದೇ ಸಣ್ಣ ಏರುಪೇರು ಸ್ಟೀರಿಂಗಿನಲ್ಲಿ ದೊಡ್ಡದಾಗುತ್ತದೆ. ಚಕ್ರ ನೆಲದ ಮೇಲಿರುವಾಗ ಪ್ರೈ ಬಾರ್ ಹಾಕಿ ಬುಶ್ ಎಷ್ಟು ಜಗ್ಗುತ್ತದೆ, ರಬ್ಬರಿನಲ್ಲಿ ಸೀಳು ಬಿಟ್ಟಿದೆಯೇ ಅಂತ ನೋಡಿ.

ಇಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮುಂದಿನ ಟೈರು ಹಿಂದಕ್ಕೆ ಹಾಕಿ ಓಡಿಸಿ, ನಡುಕ ಜಾಗ ಬದಲಿಸಿತೇ ನೋಡಿ. ಆಮೇಲೆ ಬುಶ್. ಆಮೇಲೆ ಮತ್ತೊಮ್ಮೆ ರನ್‌ಔಟ್ ಅಳತೆ. ಪ್ರತಿ ಸಲದ ಅಳತೆ, ಕಿಲೋಮೀಟರ್, ನಡುಕ ಬಂದ ವೇಗ, ಮೂರನ್ನೂ ಬರೆದಿಡಿ, ಮುಂದಿನ ಸಲ ಗಾಡಿ ಮುಟ್ಟುವವರ ಕೈಗೆ ಆ ಪುಟವನ್ನೇ ಕೊಡಿ.